ಹಿತ್ತಲ ಗಿಡವೂ ದೂರದ ಬೆಟ್ಟವೂ

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಹಿರಿಯರ ಮಾತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದೂ ಅವರದೇ. ಮೊದಲನೆಯದು ಬಳಿಯಲ್ಲಿರುವುದನ್ನು ಕಡೆಗಣಿಸುವ ಮನಸ್ಸನ್ನು ಕುರಿತದ್ದು. ಎರಡನೆಯದು ದೂರದಲ್ಲಿರುವುದಕ್ಕೆ ಮರುಳಾಗುವ ಕಣ್ಣನ್ನು ಕುರಿತದ್ದು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ಸಾಮೀಪ್ಯವಾಗಲಿ ದೂರವಾಗಲಿ ತನ್ನಷ್ಟಕ್ಕೆ ತಾನೇ ಮನುಷ್ಯನಿಗೆ ತಿಳಿವನ್ನು ತಂದುಕೊಡಲಾರದೆಂಬ ಎಚ್ಚರಿಕೆ ಅವುಗಳಲ್ಲಿ ಅಡಗಿರುವುದು ಕಾಣುತ್ತದೆ. ಹಾಗಾದರೆ ಕಲೆ, ವಿದ್ಯೆ, ಕಾಯಕಗಳು ಎಲ್ಲಿ ಬೆಳೆಯುತ್ತವೆ? ಮನೆಯ ಮಡಿಲಿನಲ್ಲೋ, ಮನೆಯನ್ನು ಬಿಟ್ಟು ನಡೆದ ದಾರಿಯಲ್ಲೋ?

ಈ ಪ್ರಶ್ನೆಯನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ. ಮಠಗಳು ತಲೆಮಾರುಗಳಿಂದ ನಡೆಸುತ್ತ ಬಂದಿರುವ ಉಚಿತ ಪ್ರಸಾದ ನಿಲಯಗಳ ವಿಷಯದಲ್ಲಿ ಈಚೆಗೆ ಒಂದು ವಾದ ಕಿವಿಗೆ ಬೀಳುತ್ತಿದೆ. ಹಳ್ಳಿಗಳಿಗೆ ಬಸ್ಸು ಬಂದಿದೆ, ಊರೂರಿಗೆ ಶಾಲೆ ಬಂದಿದೆ, ಪಾಠವೇ ಕೈಯೊಳಗಿನ ಮೊಬೈಲಿಗೆ ಬಂದಿಳಿಯುತ್ತಿದೆ. ಇನ್ನು ಮಕ್ಕಳನ್ನು ತಂದೆತಾಯಿಗಳಿಂದ ಅಗಲಿಸಿ ನಿಲಯದಲ್ಲಿ ಇಡುವುದೇಕೆ ಎಂದು ಬಲ್ಲವರೇ ಕೇಳುತ್ತಾರೆ. ಕೇಳುವವರು ಸಂಸ್ಥೆಗಳ ಹಿತೈಷಿಗಳು. ಅವರ ಮಾತನ್ನು ತಳ್ಳಿಹಾಕುವುದು ಸಲ್ಲದು. ಆದರೆ ಉತ್ತರ ಹೇಳುವ ಮುನ್ನ ನಮ್ಮ ಸೀಮೆಯ ಅನುಭವವನ್ನೇ ಒಮ್ಮೆ ವಿಚಾರಿಸಿಕೊಳ್ಳುವುದು ಉಚಿತ.

1933ರಲ್ಲಿ ಗದುಗಿನ 11 ವರ್ಷದ ಬಾಲಕನೊಬ್ಬ ಮನೆಬಿಟ್ಟು ಹೊರಟ. ಉಸ್ತಾದ್ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯೊಂದು ಅವನ ಕಿವಿಗೆ ಬಿದ್ದಿತ್ತು. ಹಾಗೆ ಹಾಡುವುದನ್ನು ಕಲಿಸುವ ಗುರು ಬೇಕಾಗಿತ್ತು. ಗ್ವಾಲಿಯರ್, ಕಲಕತ್ತೆ, ದಿಲ್ಲಿ, ರಾಂಪುರಗಳನ್ನು ಸುತ್ತಿ ಆ ಹುಡುಗ ಪಂಜಾಬದ ಜಲಂಧರವನ್ನು ಮುಟ್ಟಿದ. ಅಲ್ಲಿಗೆ ಬಂದಿದ್ದ ಪಂಡಿತ ವಿನಾಯಕರಾವ್ ಪಟವರ್ಧನರು ಅವನ ಊರು ಯಾವುದೆಂದು ತಿಳಿದು, ನಿನ್ನ ಸೀಮೆಯಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದು ಬುದ್ಧಿ ಹೇಳಿದ ಸಂಗತಿ ಪ್ರಸಿದ್ಧವಾಗಿದೆ. ಸವಾಯಿ ಗಂಧರ್ವರೆಂದರೆ ಕುಂದಗೋಳದ ರಾಮಭಾವು. ಬಾಲಕನನ್ನು ಮನೆಯಿಂದ ಎಬ್ಬಿಸಿದ ಆ ಧ್ವನಿಗೆ, ಅಂದರೆ ಅಬ್ದುಲ್ ಕರೀಂ ಖಾನರಿಗೆ, ನೇರ ಶಿಷ್ಯರು. ಹುಡುಗ ಹಿಂದಿರುಗಿ 1936ರ ಸುಮಾರಿಗೆ ಆ ಗುರುವಿನ ಮನೆಯನ್ನು ಸೇರಿದ. ಅವನೇ 2008ರಲ್ಲಿ ಭಾರತರತ್ನಕ್ಕೆ ಪಾತ್ರರಾದ ಪಂಡಿತ ಭೀಮಸೇನ ಜೋಶಿ.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ, ಬಳಿಯಲ್ಲಿದ್ದ ನಿಧಿಯನ್ನು ಕಾಣದೆ ಹುಡುಗ ವ್ಯರ್ಥವಾಗಿ ಅಲೆದನೆಂದು ಹೇಳುವುದುಂಟು. ನನಗೆ ಹಾಗೆನಿಸುವುದಿಲ್ಲ. ಗದುಗಿನಲ್ಲಿ ಕುಳಿತಿದ್ದರೆ ಕುಂದಗೋಳ ಅವನಿಗೆ ಪಕ್ಕದ ಒಂದು ಊರಾಗಿರುತ್ತಿತ್ತು. ಜಲಂಧರದಿಂದ ತಿರುಗಿ ನೋಡಿದಾಗ ಅದು ಕ್ಷೇತ್ರವಾಯಿತು. ಹಿತ್ತಲ ಗಿಡ ಮದ್ದೆಂದು ತಿಳಿಯಲು ಹಿತ್ತಲನ್ನು ದಾಟಿ ಹೋಗಬೇಕಾಯಿತು. ಆದರೆ ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ದೂರ ಅವನಿಗೆ ಹಸಿವನ್ನು ಕೊಟ್ಟಿತು, ವಿದ್ಯೆಯನ್ನು ಕೊಟ್ಟದ್ದು ಸಾಮೀಪ್ಯ. ಗುರುಗೃಹದಲ್ಲಿ ನೀರು ಹೊತ್ತು, ಗುರುವಿನ ರಿಯಾಜನ್ನು ಕೇಳುತ್ತ ವರ್ಷಗಳನ್ನು ಕಳೆದಾಗಲೇ ಸ್ವರ ಕೈವಶವಾಯಿತು. ದೂರವಿಲ್ಲದೆ ಹಂಬಲವಿಲ್ಲ; ಸಾಮೀಪ್ಯವಿಲ್ಲದೆ ಸಿದ್ಧಿಯಿಲ್ಲ.

ಅದೇ ಗುರುವಿನ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆಸಿದ ಅವರಿಗೆ ಮನೆಬಿಟ್ಟು ದೇಶ ಸುತ್ತುವ ಸ್ವಾತಂತ್ರ್ಯವಿರಲಿಲ್ಲ. ಸಂಸಾರದ ಭಾರ, ಮಕ್ಕಳ ಪಾಲನೆ, ಸಂಪಾದನೆಯ ಚಿಂತೆ ಎಲ್ಲವೂ ತಲೆಯ ಮೇಲಿದ್ದವು. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಕಲಿತರು. ಬಾಲಕ ಭೀಮಸೇನರ ದೂರ ಸಾವಿರಾರು ಮೈಲಿಗಳದು, ಗಂಗೂಬಾಯಿಯವರದು ಕೆಲವೇ ನಿಲ್ದಾಣಗಳದು. ಆದರೂ ಆ ಕಾಲದ ಹೆಣ್ಣುಮಗಳೊಬ್ಬಳು ಮನೆಯ ಹೊಸ್ತಿಲಿನಿಂದ ರೈಲು ನಿಲ್ದಾಣದವರೆಗೆ ನಡೆದ ಹಾದಿಯನ್ನು ಮೈಲಿಕಲ್ಲುಗಳಿಂದ ಅಳೆಯಲಾಗದು. ದೂರವೆಂಬುದು ಎಲ್ಲರಿಗೂ ಒಂದೇ ಅಳತೆಯದಲ್ಲ. ಯಾರು ಯಾವುದನ್ನು ದಾಟಬೇಕಾಗಿದೆಯೋ ಅದೇ ಅವರವರ ದೂರ.

ವ್ಯಕ್ತಿಗಳಿಗೆ ಸಲ್ಲುವ ಈ ಮಾತು ಊರುಗಳಿಗೂ ಸಲ್ಲುತ್ತದೆ. ಉತ್ತರ ಭಾರತದ ಕೈರಾನಾದಲ್ಲಿ ಹುಟ್ಟಿದ ಸಂಗೀತದ ಒಂದು ಮನೆತನ ಕುಂದಗೋಳದಂಥ ಸಣ್ಣ ಊರಿನಲ್ಲಿ ಬೇರುಬಿಟ್ಟದ್ದು ಹೇಗೆ? ಧಾರವಾಡ ಅಂದು ಮುಂಬಯಿ ಪ್ರಾಂತದ ದಕ್ಷಿಣದ ಅಂಚಿನಲ್ಲಿತ್ತು. ಮುಂಬಯಿಗೂ ದೂರ, ಮೈಸೂರಿಗೂ ದೂರ. ರಾಜಧಾನಿಗಳ ಆಸರೆಯಿಲ್ಲದ ಈ ನಾಡಿನ ಜನ ತಮ್ಮ ಆಸರೆಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಆ ಅಗತ್ಯದಿಂದಲೇ. ಆದರೆ ದೂರವಿದ್ದರೂ ಈ ಸೀಮೆ ದಾರಿಯ ಮೇಲಿತ್ತು. ಮೈಸೂರಿನ ಆಸ್ಥಾನಕ್ಕೆ ಹೋಗಿಬರುತ್ತಿದ್ದ ಉತ್ತರದ ಗಾಯಕರು ನಡುವೆ ಇಲ್ಲಿ ತಂಗುತ್ತಿದ್ದರು. ಅಬ್ದುಲ್ ಕರೀಂ ಖಾನರನ್ನು ಬರಮಾಡಿಕೊಂಡ ಕುಂದಗೋಳದ ನಾಡಗೀರ ವಾಡೆ ಇಂದಿಗೂ ಸಂಗೀತಗಾರರ ಬಾಯಲ್ಲಿದೆ. ಧಾರವಾಡದ ಬಳಿಯ ಮನ್ಸೂರಿನ ಮಲ್ಲಿಕಾರ್ಜುನರು ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿಯೂ ಮುಂದೆ ಮುಂಬಯಿಯಲ್ಲಿ ಮಂಜೀಖಾನರಲ್ಲಿಯೂ ಕಲಿತು, ಕೊನೆಗೆ ಧಾರವಾಡದಲ್ಲಿಯೇ ನೆಲೆನಿಂತು ಹಾಡಿದರು. ಹೊರಗಿನ ಗಾಳಿ ಒಳಬರುವಷ್ಟು ತೆರೆದಿರುವ, ಬಂದದ್ದು ಹಾರಿಹೋಗದಷ್ಟು ನೆಲೆಯಿರುವ ಊರೇ ಸೃಷ್ಟಿಶೀಲವಾದ ಊರು.

ಸಂಗೀತದ ಮಾತು ಸಾಹಿತ್ಯಕ್ಕೂ ಹೊಂದುತ್ತದೆ. ವಚನಗಳ ತಾಡವೋಲೆಗಳು ನಮ್ಮ ಮನೆಗಳಲ್ಲಿ, ಮಠಗಳಲ್ಲಿ ಶತಮಾನಗಳವರೆಗೆ ಇದ್ದವು. ಎಷ್ಟು ಹತ್ತಿರವಿದ್ದವೆಂದರೆ, ಅನೇಕ ಕಡೆಗಳಲ್ಲಿ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದುವೇ ಹೊರತು ಬಿಚ್ಚಿ ಓದುವವರಿರಲಿಲ್ಲ. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಮುಂಬಯಿಯಲ್ಲಿ ಓದಿ, ಇಂದಿನ ವಿಜಯಪುರದಲ್ಲಿ ವಕೀಲಿ ಹಿಡಿದ ಫ.ಗು. ಹಳಕಟ್ಟಿಯವರು ಆ ಗಂಟುಗಳನ್ನು ಬಿಚ್ಚಿದರು. ಊರೂರು ತಿರುಗಿ ಓಲೆಗಳನ್ನು ಕೂಡಿಹಾಕಿ, ಪಾಠಗಳನ್ನು ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ ತಮ್ಮ ಗಳಿಕೆಯನ್ನೂ ಆಯುಷ್ಯವನ್ನೂ ಅದಕ್ಕೆ ಧಾರೆಯೆರೆದರು. ಮನೆಯ ಜಗುಲಿಯಲ್ಲಿದ್ದ ನಿಧಿಯನ್ನು ಕಾಣಲು ಮನೆಯಿಂದ ಸ್ವಲ್ಪ ದೂರ ಸರಿದ ಕಣ್ಣು ಬೇಕಾಯಿತು. ಕಂಡದ್ದನ್ನು ಉಳಿಸಲು ಮತ್ತೆ ಮನೆಗೇ ಮರಳಿದ ಕೈ ಬೇಕಾಯಿತು.

ಇಷ್ಟಕ್ಕೂ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯುವ ನಮಗೆ ಇದು ಹೊಸ ಪಾಠವೇನೂ ಅಲ್ಲ. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ ಬಂದರು. ಅಲ್ಲಿಂದ ಮುಂದೆ ಕಲ್ಯಾಣಕ್ಕೆ ನಡೆದರು. ಬಳ್ಳಿಗಾವೆಯಿಂದ ಅಲ್ಲಮಪ್ರಭುಗಳು, ಉಡುತಡಿಯಿಂದ ಅಕ್ಕಮಹಾದೇವಿ, ಸೊನ್ನಲಿಗೆಯಿಂದ ಸಿದ್ಧರಾಮರು ಬಂದರು. ಕಾಶ್ಮೀರದ ಅರಸೊಬ್ಬನು ಬಂದು ಸೌದೆ ಮಾರುವ ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಇವರೆಲ್ಲರೂ ದೂರದಿಂದ ಬಂದವರೆಂಬುದು ಒಂದು ಸಂಗತಿ. ಆದರೆ ಅವರು ದಾಟಿದ ಹೆಚ್ಚಿನ ದೂರ ನೆಲದ ಮೇಲಿನದಲ್ಲ. ಮಡಿವಾಳ, ಅಂಬಿಗ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಮಂತ್ರಿಪದವಿಯ ಬಸವಣ್ಣ ಇವರು ಒಂದೇ ಊರಿನಲ್ಲಿದ್ದರೂ ಆ ಕಾಲದ ಸಮಾಜದಲ್ಲಿ ಅವರ ನಡುವೆ ಕಾಶ್ಮೀರಕ್ಕಿಂತ ಹೆಚ್ಚಿನ ದೂರವಿತ್ತು. ಆ ದೂರವನ್ನು ದಾಟಿ ಒಂದೆಡೆ ಕುಳಿತುದರಿಂದಲೇ ಕನ್ನಡ ಅದುವರೆಗೆ ಆಡದ ಮಾತನ್ನು ಆಡಿತು. ಒಂದೇ ಕುಲದ, ಒಂದೇ ಕಸುಬಿನ ಜನ ಕೂಡಿದ್ದರೆ ಅಲ್ಲಿ ಸಂಘ ಹುಟ್ಟಬಹುದಿತ್ತು, ಅನುಭಾವ ಹುಟ್ಟುತ್ತಿರಲಿಲ್ಲ.

ಈಗ ಪ್ರಸಾದ ನಿಲಯದ ಪ್ರಶ್ನೆಗೆ ಬರೋಣ. ನಿಲಯವೆಂದರೆ ಕೇವಲ ಊಟವಸತಿಯ ಏರ್ಪಾಡಾಗಿದ್ದರೆ, ಬಸ್ಸು ಬಂದ ದಿನವೇ ಅದರ ಕೆಲಸ ಮುಗಿಯಿತೆನ್ನಬಹುದು. ಆದರೆ ಅದು ಮಗುವನ್ನು ಒಂದು ಕಡೆಯಿಂದ ದೂರ ಒಯ್ದು ಇನ್ನೊಂದು ಕಡೆಗೆ ಹತ್ತಿರ ತರುವ ಸ್ಥಳ. ಕುರಿ ಕಾಯುವವರ ಮಗ, ಮಗ್ಗದ ಮನೆಯ ಮಗ, ಒಕ್ಕಲಿಗರ ಮಗ ಒಂದೇ ಪಂಕ್ತಿಯಲ್ಲಿ ಕುಳಿತು, ಉಂಡ ತಾಟನ್ನು ತಾವೇ ಬೆಳಗಿ, ಒಂದೇ ದೀಪದ ಕೆಳಗೆ ಓದುತ್ತಾರೆ. ಒಬ್ಬನಿಗೆ ಬಾರದ ಲೆಕ್ಕವನ್ನು ಇನ್ನೊಬ್ಬ ಹೇಳಿಕೊಡುತ್ತಾನೆ. ಒಬ್ಬನ ಊರಿನ ಹಾಡನ್ನು ಇನ್ನೊಬ್ಬ ಕಲಿಯುತ್ತಾನೆ. ಬಸ್ಸಿನಲ್ಲಿ ಬಂದು ಸಂಜೆ ಅದೇ ಬಸ್ಸಿಗೆ ಓಡುವ ಮಗುವಿಗೆ ಪಾಠ ದೊರೆಯುತ್ತದೆ, ಈ ಸಹವಾಸ ದೊರೆಯುವುದಿಲ್ಲ. ಹಳ್ಳಿಯಲ್ಲಿ ಕೇರಿಯಿಂದ ಕೇರಿಗೆ ಇರುವ ದೂರ ಈ ಪಂಕ್ತಿಯಲ್ಲಿ ಒಂದು ಗೇಣಿಗೆ ಇಳಿಯುತ್ತದೆ. ಇಂಥದೊಂದು ನಿಲಯದ ಅನ್ನ ಉಂಡು ಬೆಳೆದವನಾದ್ದರಿಂದ ಇದನ್ನು ಊಹೆಯಿಂದ ಹೇಳುತ್ತಿಲ್ಲ.

ಇದರ ಬೆಲೆಯನ್ನು ಮರೆಮಾಚುವುದೂ ಸರಿಯಲ್ಲ. ಟ್ರಂಕಿನ ಮೇಲೆ ತಲೆಯಿಟ್ಟು ಅಳುವ ಹತ್ತು ವರ್ಷದ ಹುಡುಗನಿಗೆ ದೂರದ ತತ್ತ್ವಜ್ಞಾನ ಬೇಕಿಲ್ಲ. ತಲೆ ನೇವರಿಸುವ ಕೈ ಬೇಕು. ಆ ಕೈ ಇಲ್ಲದ ನಿಲಯ ಬರಿಯ ಛತ್ರ. ಹೆಣ್ಣುಮಕ್ಕಳ ಮಾತಂತೂ ಇನ್ನೂ ಗಂಭೀರವಾದದ್ದು. ಗಂಗೂಬಾಯಿಯವರಿಗೆ ರೈಲು ಒದಗಿದಂತೆ ಪ್ರತಿ ಹುಡುಗಿಗೂ ಒಂದು ದಾರಿ ಒದಗಬೇಕಾಗಿದೆ. ಗಂಡುಮಕ್ಕಳಿಗೆ ತೆರೆದಷ್ಟು ಬಾಗಿಲುಗಳನ್ನು ನಾವು ಅವರಿಗೆ ತೆರೆದಿದ್ದೇವೆಯೇ ಎಂದು ಎದೆ ಮುಟ್ಟಿ ಕೇಳಿಕೊಳ್ಳಬೇಕು.

ಇನ್ನು ಮೊಬೈಲಿನ ಪಾಠ. 2020ರ ಮಾರ್ಚಿನಲ್ಲಿ ಮಹಾಮಾರಿಯ ಭಯದಿಂದ ಶಾಲೆಗಳು ಮುಚ್ಚಿದಾಗ ಅದು ನಮ್ಮನ್ನು ಕೈಬಿಡಲಿಲ್ಲವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅದೇ ವರ್ಷ ವಿದ್ಯಾಗಮವೆಂಬ ಹೆಸರಿನಿಂದ ಸರಕಾರಿ ಶಾಲೆಯ ಶಿಕ್ಷಕರು ಹಳ್ಳಿಗಳಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಸೋಂಕಿನ ಭೀತಿಯಿಂದ ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಅದು ಹೇಳಿಹೋದ ಮಾತು ದೊಡ್ಡದು. ಯಂತ್ರ ದೂರವನ್ನು ಮರೆಸುತ್ತದೆ. ಮನುಷ್ಯ ಮಾತ್ರ ದೂರವನ್ನು ದಾಟುತ್ತಾನೆ. ಮರೆತ ದೂರ ಹಂಬಲವನ್ನು ಹುಟ್ಟಿಸುವುದಿಲ್ಲ, ದಾಟದ ದೂರ ಸಾಮೀಪ್ಯವನ್ನು ಕೊಡುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಪ್ರಸಾದ ನಿಲಯಗಳನ್ನು ಮುಚ್ಚಬಾರದು, ಇದ್ದಂತೆಯೇ ಇಟ್ಟುಕೊಳ್ಳಲೂಬಾರದು. ಮೊದಲನೆಯದಾಗಿ, ಮನೆಯಿಂದ ಬಂದುಹೋಗುವ ಮಕ್ಕಳೂ ವರ್ಷದಲ್ಲಿ ಕೆಲವು ವಾರ ನಿಲಯದಲ್ಲಿದ್ದು ಆ ಪಂಕ್ತಿಯಲ್ಲಿ ಉಣ್ಣುವ ಏರ್ಪಾಡಾಗಲಿ. ಹೆಣ್ಣುಮಕ್ಕಳಿಗೆ ಅಂಥದೇ ನಿಲಯ ಎಲ್ಲಿ ಇಲ್ಲವೋ ಅಲ್ಲಿ ಮೊದಲು ಆಗಲಿ. ಎರಡನೆಯದಾಗಿ, ಬೆಂಗಳೂರಿನಲ್ಲಿಯೂ ಪರದೇಶದಲ್ಲಿಯೂ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ದೇಣಿಗೆಯ ಜೊತೆಗೆ ತಮ್ಮ ವರ್ಷದ ಎಂಟು ದಿನಗಳನ್ನು ಕೊಡಲಿ; ಬಂದು, ಮಕ್ಕಳ ನಡುವೆ ಉಂಡು ಮಲಗಿ, ತಾವು ಕಂಡ ಲೋಕವನ್ನು ಅವರಿಗೆ ಹೇಳಲಿ. ಮೂರನೆಯದಾಗಿ, ರಜೆಗೆ ಊರಿಗೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಕುಂಬಾರ, ಕಮ್ಮಾರ, ನೇಕಾರರ ಬಳಿ ಕುಳಿತು ಅವರ ಕೆಲಸದ ಮಾತುಗಳನ್ನು, ಅಜ್ಜಿಯ ಹಾಡುಗಳನ್ನು ಬರೆದು ತರಲಿ. ಹಳಕಟ್ಟಿಯವರು ಜಗುಲಿಯ ಮೇಲಿನ ಓಲೆಗಳನ್ನು ಬಿಚ್ಚಿದರು. ಓಲೆಗೂ ಏರದ ಎಷ್ಟೋ ವಿದ್ಯೆ ನಮ್ಮ ಹಿತ್ತಲುಗಳಲ್ಲಿ ಇನ್ನೂ ಇದೆ, ದಿನದಿನಕ್ಕೂ ಕಡಿಮೆಯಾಗುತ್ತಿದೆ.

ಮಕ್ಕಳು ದೂರ ಹೋಗಲಿ. ಹೋಗಬೇಡಿರೆಂದು ಹೇಳುವ ಶಾಲೆ ಶಾಲೆಯಲ್ಲ. ಆದರೆ ಬೆಟ್ಟವನ್ನು ಹತ್ತಿ ಇಳಿದು ಬಂದಾಗ ಹಿತ್ತಲ ಗಿಡ ಒಣಗಿಹೋಗಿರಬಾರದು. ಅದಕ್ಕೆ ನೀರೆರೆಯುವ ಕೆಲಸ ಇಲ್ಲಿಯೇ ಉಳಿದಿರುವ ನಮ್ಮದು. ಅದನ್ನು ನಾವು ತಪ್ಪದೆ ಮಾಡೋಣ.