ಕೂಲರ್ ಬದಲಿಸುವ ಮುನ್ನ ಕೋಣೆಯ ಬಿಸಿ ಅಳೆಯಿರಿ

ಸೂರತ್‌ನಲ್ಲಿ ತಾಪಿ ನದಿಯ ಪಶ್ಚಿಮ ದಂಡೆಗಿರುವ ಅಡಾಜಣ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ ಕೋಣೆಯೊಳಗೆ 35 ಡಿಗ್ರಿ ಇದ್ದರೆ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಅದೇ ಕೋಣೆಯ ಗೇಮಿಂಗ್ ಕಂಪ್ಯೂಟರಿನ ಪ್ರೊಸೆಸರ್ 95 ಡಿಗ್ರಿ ತೋರಿಸಿದರೆ ಮಾತ್ರ ಗಾಬರಿ. ಅಷ್ಟು ಸಾವಿರ ಸುರಿದು ವಾಟರ್ ಕೂಲರ್ ಹಾಕಿಸಿದ್ದು ಇದಕ್ಕೇನಾ ಎಂಬ ಸಿಟ್ಟು ಬೇರೆ. ಅಂಗಡಿಗೆ ಒಯ್ದರೆ ಪೇಸ್ಟ್ ಬದಲಿಸಿ ಎನ್ನುತ್ತಾರೆ, ಇಲ್ಲವೇ ಇನ್ನೂ ದೊಡ್ಡ ಕೂಲರ್ ತೋರಿಸುತ್ತಾರೆ. ಆ ಹೊತ್ತಿಗೆ ಕೋಣೆ ಎಷ್ಟು ಬಿಸಿಯಿತ್ತು ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದ ಪ್ರಶ್ನೆ ಅದು.

ದಾರಿ ತಪ್ಪಿಸುವುದು ಹೆಸರು. 'ವಾಟರ್ ಕೂಲಿಂಗ್' ಎಂದೊಡನೆ ಮಡಕೆಯ ನೀರು ನೆನಪಾಗುವುದು ಸಹಜ. ಮಡಕೆಯ ಮೈಯಿಂದ ನೀರು ಆವಿಯಾಗುತ್ತಾ ಒಳಗಿನ ನೀರು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಕಂಪ್ಯೂಟರಿನ ನೀರಾದರೋ ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ. ಪ್ರೊಸೆಸರಿನ ಶಾಖವನ್ನು ರೇಡಿಯೇಟರಿನವರೆಗೆ ಹೊರುವ ಹಮಾಲಿ ಕೆಲಸ ಅದರದು; ಹೊರೆ ಇಳಿಸಿಕೊಳ್ಳಬೇಕಾದದ್ದು ಕೋಣೆಯ ಗಾಳಿ. ಹಾಗಾಗಿ ಕೂಲರ್ ಎಷ್ಟೇ ದುಬಾರಿಯಾದರೂ ಅದರ ನೀರು ಕೋಣೆಗಿಂತ ತಣ್ಣಗಾಗದು. ವಿಮರ್ಶೆಗಳಲ್ಲಿ ಕಾಣುವ ಅಂಕಿಗಳು ಬಹುಪಾಲು ಇಪ್ಪತ್ತು ಚಿಲ್ಲರೆ ಡಿಗ್ರಿಯ ತಂಪು ಕೋಣೆಯವು. 22 ಡಿಗ್ರಿಯ ಕೋಣೆಯಲ್ಲಿ 75 ತೋರಿಸುವ ಯಂತ್ರ 35 ಡಿಗ್ರಿಯಲ್ಲಿ 88ರ ಆಸುಪಾಸು ತೋರಿಸುತ್ತದೆ. ಯಂತ್ರದಲ್ಲೇನೂ ಕೆಟ್ಟಿಲ್ಲ. ಪಕ್ಕಕ್ಕೆ ನೀರಿನ ಏರ್ ಕೂಲರ್ ತಂದಿಡೋಣ ಎಂದರೆ, ಅಹಮದಾಬಾದಿನ ಒಣ ಬಿಸಿಲಿಗೆ ಒಗ್ಗುವಷ್ಟು ಅದು ಕಡಲ ಹತ್ತಿರದ ಸೂರತ್‌ಗೆ ಒಗ್ಗುವುದಿಲ್ಲ.

ಹಾಗೆಂದು ಎಲ್ಲಕ್ಕೂ ಊರಿನ ಸೆಕೆಯನ್ನೇ ದೂರುವುದು ಸೋಮಾರಿತನ. ಬಿಸಿ ಏರುವ ವೇಗದಲ್ಲಿ ದೋಷದ ಜಾಡು ಸಿಗುತ್ತದೆ. ಹಗುರ ಕೆಲಸಕ್ಕೇ ಕೆಲವು ಸೆಕೆಂಡುಗಳಲ್ಲಿ ಅಂಕಿ 90 ದಾಟಿದರೆ ಶಾಖ ನೀರಿಗೆ ಸೇರುತ್ತಲೇ ಇಲ್ಲ. ಸ್ಕ್ರೂ ಸಡಿಲವಿರಬಹುದು, ಪೇಸ್ಟ್ ಒಣಗಿರಬಹುದು, ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆಯೇ ಕೂರಿಸಿರಬಹುದು (ನಗು ಬಂದರೂ ಆಗುವ ಮಾತೇ), ಇಲ್ಲವೇ ಪಂಪ್ ನಿಂತಿರಬಹುದು. ಪಂಪ್ ತಿರುಗುವ ವೇಗ ಬಯಾಸ್‌ನಲ್ಲಿ ಕಾಣುತ್ತದೆ. ಆದರೆ ತಿರುಗಿದ ಮಾತ್ರಕ್ಕೆ ನೀರು ಹರಿಯುತ್ತಿದೆ ಎಂದಲ್ಲ. ಯಂತ್ರ ಸ್ವಲ್ಪ ಹೊತ್ತು ಓಡಿದ ಮೇಲೆ ಎರಡೂ ಕೊಳವೆ ಮುಟ್ಟಿ ನೋಡಿ: ಒಂದು ಬಿಸಿ, ಇನ್ನೊಂದು ಪೂರಾ ತಣ್ಣಗಿದ್ದರೆ ಹರಿವು ಕಟ್ಟಿದೆ. ಗುಳುಗುಳು ಸದ್ದು ಬಂದರೆ ಒಳಗೆ ಗಾಳಿ ಸೇರಿದೆ. ಪಂಪ್ ರೇಡಿಯೇಟರಿಗಿಂತ ಮೇಲಿದ್ದರೆ ಆ ಗಾಳಿ ಪಂಪಿನಲ್ಲೇ ಬಂದು ಕೂರುತ್ತದೆ.

ಅಂಕಿ ಹದಿನೈದಿಪ್ಪತ್ತು ನಿಮಿಷ ನಿಧಾನವಾಗಿ ಏರುತ್ತಾ ಹೋದರೆ ಕಥೆ ಬೇರೆ. ನೀರು ಹೊರುತ್ತಿದೆ, ಇಳಿಸಲು ಜಾಗವಿಲ್ಲ. ರೇಡಿಯೇಟರಿನ ಸಂದುಗಳಲ್ಲಿ ಧೂಳು ಕಟ್ಟಿರುತ್ತದೆ, ಫ್ಯಾನು ತಿರುಗುಮುರುಗಾಗಿರುತ್ತದೆ, ಅಥವಾ ಕ್ಯಾಬಿನೆಟ್ಟನ್ನು ಅಂದಕ್ಕೆಂದು ಟೇಬಲ್ಲಿನ ಗೂಡಿಗೆ ತುರುಕಿರುತ್ತಾರೆ. ಪಕ್ಕದ ಬಾಗಿಲು ತೆಗೆದು ಅದೇ ಆಟ ಆಡಿ. ಐದಾರು ಡಿಗ್ರಿ ಇಳಿದರೆ ಹೊಸ ಕೂಲರ್ ಬೇಡ, ಗಾಳಿಗೆ ದಾರಿ ಬೇಕು.

ಇಷ್ಟಾದರೂ 95ರಲ್ಲೇ ನಿಂತರೆ? ಎಎಂಡಿಯ ರೈಜೆನ್ 7000 ಸರಣಿ 2022ರಲ್ಲಿ ಬಂದದ್ದೇ ಭಾರೀ ಕೆಲಸದಲ್ಲಿ 95 ಡಿಗ್ರಿಯಲ್ಲಿ ಓಡುವಂತೆ. ಇಂಟೆಲ್‌ನ ಹಲವು ಪ್ರೊಸೆಸರುಗಳ ಮಿತಿ 100. ಅಂಥ ಪ್ರೊಸೆಸರಿಗೆ ದೊಡ್ಡ ಕೂಲರ್ ಹಾಕಿದರೆ ಅಂಕಿ ಇಳಿಯುವ ಬದಲು ಅದು ಇನ್ನಷ್ಟು ವಿದ್ಯುತ್ ಎಳೆದುಕೊಳ್ಳಬಹುದು. 7950ಎಕ್ಸ್ ಎಳೆಯುವುದೇ 230 ವ್ಯಾಟ್‌ವರೆಗೆ. ಎಕೋ ಮೋಡ್‌ನಲ್ಲಿ ಅದಕ್ಕೆ ಕಡಿವಾಣ ಹಾಕಿದರೆ ಬಿಸಿ ಸ್ಪಷ್ಟವಾಗಿ ಇಳಿಯುತ್ತದೆ, ಆಟದಲ್ಲಿ ವ್ಯತ್ಯಾಸ ಹೆಚ್ಚಾಗಿ ಕಣ್ಣಿಗೆ ಬೀಳುವುದಿಲ್ಲ. ಖರ್ಚು ಸೊನ್ನೆ. ಬಹುಶಃ ಅದಕ್ಕೇ ಅಂಗಡಿಯಲ್ಲಿ ಈ ಮಾತು ಬರುವುದಿಲ್ಲ.

ಕೂಲರ್ ದೊಡ್ಡದಾದರೂ ಶಾಖ ಕೋಣೆಯಲ್ಲೇ ಉಳಿಯುತ್ತದೆ ಎಂಬುದನ್ನು ಮನೆಯ ಉಳಿದವರು ಬೇಗ ಗಮನಿಸುತ್ತಾರೆ. ಆಟದ ಹೊತ್ತಿಗೆ 500 ವ್ಯಾಟ್ ಎಳೆಯುವ ಯಂತ್ರ ಅಷ್ಟನ್ನೂ ಕೋಣೆಗೆ ಬಿಡುತ್ತದೆ. ಒಂದು ಟನ್ನಿನ ಎಸಿ ಹೊರಹಾಕುವುದು ಸುಮಾರು 3,500 ವ್ಯಾಟ್. ಅದರ ಏಳನೆಯ ಒಂದು ಪಾಲು ಆಟಕ್ಕೇ ಹೋಯಿತು. ಬಿಲ್ಲಿನಲ್ಲಿ ಅದು ಕಾಣುತ್ತದೆ.

ಕೊಳವೆಯ ಪರೀಕ್ಷೆಯಲ್ಲಿ ಹರಿವು ನಿಂತದ್ದು ಖಚಿತವಾದರೆ ವಾರಂಟಿ ಚೀಟಿ ಹುಡುಕಿ, ಬದಲಿಸುವುದು ಆಗ ನ್ಯಾಯ. ಮುಚ್ಚಿದ ಕೂಲರನ್ನು ಮನೆಯಲ್ಲಿ ಬಿಚ್ಚಿ ನೀರು ತುಂಬಲು ಮಾತ್ರ ಹೋಗಬೇಡಿ. ಅಂಗಡಿಗೆ ಹೋಗುವಾಗ ಪ್ರೊಸೆಸರಿನ ಅಂಕಿಯ ಪಕ್ಕದಲ್ಲಿ ಕೋಣೆಯ ಅಂಕಿಯನ್ನೂ ಬರೆದುಕೊಂಡು ಹೋಗಿ.