ಮಾಯಾ ಕೊಲ್ಲಿಯ ಪಾಠ

ಥಾಯ್ಲೆಂಡಿನ ಫಿಫಿ ಲೇ ದ್ವೀಪದ ಮಾಯಾ ಕೊಲ್ಲಿಗೆ ಒಂದು ಕಾಲದಲ್ಲಿ ದಿನಕ್ಕೆ ಸುಮಾರು 5,000 ಪ್ರವಾಸಿಗಳು ಮುತ್ತುತ್ತಿದ್ದರು. ಉಸಿರುನಳಿಗೆಯನ್ನು ಕಚ್ಚಿ ತೇಲುತ್ತ ಹವಳವನ್ನು ನೋಡುವುದು ನಿರ್ದೋಷವಾದ ವಿನೋದವೇ ಸರಿ. ಆದರೆ ದೋಣಿಗಳ ಲಂಗರುಗಳಿಂದಲೂ ಜನಸಂದಣಿಯ ತುಳಿತದಿಂದಲೂ ಶತಮಾನಗಳಿಂದ ಬೆಳೆದ ಆ ಹವಳದ ಬಹುಭಾಗವು ಹಾಳಾಯಿತು. 2018ರಲ್ಲಿ ಸರಕಾರವು ಕೊಲ್ಲಿಯನ್ನೇ ಮುಚ್ಚಬೇಕಾಯಿತು. ಜನರು ತೊಲಗಿದ ಮೇಲೆ ಶಾರ್ಕ್ ಮೀನುಗಳು ಮರಳಿದುವು. ಹವಳವನ್ನು ಮಾತ್ರ ಕೈಯಿಂದ ನೆಡಬೇಕಾಯಿತು. 2022ರಲ್ಲಿ ಪುನಃ ತೆರೆದಾಗ ಕೊಲ್ಲಿಯೊಳಕ್ಕೆ ದೋಣಿಗಳ ಪ್ರವೇಶವು ನಿಷಿದ್ಧವಾಯಿತು, ಜನರ ಸಂಖ್ಯೆಗೂ ಮಿತಿ ಬಂದಿತು. ಅಟ್ಟ ಮೇಲೆ ಒಲೆ ಉರಿದಂತಾಯಿತು! ದಿನದ ಲಾಭಕ್ಕಾಗಿ ಮೂಲಧನವನ್ನೇ ಕರಗಿಸುವುದು ವ್ಯಾಪಾರವಲ್ಲ, ದುಂದುಗಾರಿಕೆ. ಕೆಟ್ಟ ಮೇಲೆ ಬಾಗಿಲಿಕ್ಕುವುದಕ್ಕಿಂತ ಕೆಡುವ ಮೊದಲೇ ಎಣಿಸಿ ಒಳಬಿಡುವುದು ವಿವೇಕ. ಹವಳದ ದ್ವೀಪಗಳನ್ನಾಳುವ ಸರಕಾರಗಳೆಲ್ಲವೂ ಇದನ್ನು ಮನಗಾಣಬೇಕೆಂದು ನಾವು ಒತ್ತಿ ಹೇಳುತ್ತೇವೆ.