ಒಮ್ಮೆ ಬರೆದದ್ದು ಹತ್ತು ಮನೆಗೆ



ಕಳೆದ ವರ್ಷ ನಮ್ಮ ಬಳಗದ ಕಾರ್ಯಕ್ರಮವೊಂದಕ್ಕೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಯ ಮನೆತನಗಳಿಗೆ ಆಮಂತ್ರಣ ಕಳುಹಿಸುವ ಹೊಣೆಯು ನಮ್ಮ ಪಾಲಿಗೆ ಬಂದಿತ್ತು. ಹೆಸರು, ವಿಳಾಸಗಳೆಲ್ಲ ಗಣಕಯಂತ್ರದಲ್ಲಿದ್ದವು. ಕರೆಯಬೇಕಾದವರ ಹೆಸರನ್ನು ಒಂದೊಂದಾಗಿ ಹುಡುಕಿ ವಿಳಾಸ ಮುದ್ರಿಸುತ್ತ ಹೋದೆವು. 'ವೀರೇಶ' ಎಂಬ ಹಿರಿಯರ ಹೆಸರನ್ನು ಹುಡುಕಿದಾಗ 'ಇಲ್ಲ' ಎಂಬ ಉತ್ತರ ಬಂದಿತು. ಯಂತ್ರದ ಮಾತನ್ನು ನಂಬಿ ಮುಂದಿನ ಹೆಸರಿಗೆ ನಡೆದೆವು. ಕಾರ್ಯಕ್ರಮ ಮುಗಿದ ಬಳಿಕ ಆ ಹಿರಿಯರು ಎದುರಾಗಿ, "ನಮ್ಮನ್ನ ಮರ್ತಬಿಟ್ರೇನ್ರಿ?" ಎಂದರು. ನಾವು ತಲೆ ತಗ್ಗಿಸಿದೆವು.

ಅವರ ಹೆಸರು ಪಟ್ಟಿಯಲ್ಲಿ ಇದ್ದೇ ಇತ್ತು. ತಪ್ಪು ಎಲ್ಲಿ ಆಯಿತು? ಹಳೆಯ ಕನ್ನಡ ಫಾಂಟುಗಳಲ್ಲಿ ದೀರ್ಘದ ಗುರುತು ಪ್ರತ್ಯೇಕ ತುಂಡಾಗಿರುತ್ತಿತ್ತು. ಆ ಪಟ್ಟಿಯನ್ನು ಯೂನಿಕೋಡಿಗೆ ಬದಲಾಯಿಸಿದಾಗ ತುಂಡು ತುಂಡಾಗಿಯೇ ಉಳಿಯಿತು. ಹೀಗಾಗಿ ನಾವು ಬೆರಳಚ್ಚಿಸಿದ 'ವೀರೇಶ' 5 ಸಂಕೇತಗಳದಾದರೆ, ಪಟ್ಟಿಯಲ್ಲಿದ್ದ 'ವೀರೇಶ' 7 ಸಂಕೇತಗಳದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮನೆಯ ಮಗಳು ನಾಲ್ಕೇ ಸಾಲುಗಳಲ್ಲಿ ಇದಕ್ಕೆ ಪರಿಹಾರ ಬರೆದಳು. ಪೈಥಾನ್ ಭಾಷೆಯೊಂದಿಗೇ ಬರುವ 'ಯೂನಿಕೋಡ್‌ಡೇಟಾ' ಎಂಬ ಭಾಗದಲ್ಲಿ 'ನಾರ್ಮಲೈಸ್' ಎಂಬ ಆಜ್ಞೆಯಿದೆ. ಅದಕ್ಕೆ 'ಎನ್‌ಎಫ್‌ಸಿ' ಎಂಬ ಕ್ರಮವನ್ನು ಹೇಳಿಕೊಟ್ಟರೆ ಬಿಡಿ ತುಂಡುಗಳು ಕೂಡಿಕೊಳ್ಳುತ್ತವೆ. ಪಟ್ಟಿಯ ಹೆಸರನ್ನೂ ಹುಡುಕುವ ಹೆಸರನ್ನೂ ಈ ಆಜ್ಞೆಯಿಂದ ದಾಟಿಸಿ ಹೋಲಿಸಬೇಕು, ಅಷ್ಟೇ.

ಇಂತಹ ಕಿರು ಆಜ್ಞಾವಳಿಗಳನ್ನು ಕೋಡ್ ತುಣುಕುಗಳೆನ್ನುತ್ತಾರೆ. ಒಮ್ಮೆ ಸರಿಯಾಗಿ ಬರೆದಿಟ್ಟರೆ ಬೇಕಾದಾಗಲೆಲ್ಲ ಬಳಸಬಹುದು. ಬೆಟಗೇರಿಯ ನೇಕಾರ ಬಂಧುಗಳು ಸೀರೆಯಂಚಿನ ವಿನ್ಯಾಸವನ್ನು ಪ್ರತಿ ಸೀರೆಗೂ ಹೊಸದಾಗಿ ಕಟ್ಟುವುದಿಲ್ಲವಷ್ಟೇ! ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಕೆಲಸ ಆರಂಭಿಸಿದ 'ಎಡ್ಸಾಕ್' ಗಣಕಯಂತ್ರಕ್ಕೂ ಹೀಗೆಯೇ ಪದೇ ಪದೇ ಬೇಕಾಗುವ ಲೆಕ್ಕಗಳ ಆಜ್ಞೆಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಂಗ್ರಹಿಸಿಟ್ಟಿದ್ದರು. ವಿಲ್ಕ್ಸ್, ವೀಲರ್ ಮತ್ತು ಗಿಲ್ ಎಂಬ ಮೂವರು ಆ ಸಂಗ್ರಹವನ್ನು ವಿವರಿಸಿ 1951ರಲ್ಲಿ ಗ್ರಂಥವನ್ನೇ ಹೊರತಂದರು.

ದೇಣಿಗೆಯ ಲೆಕ್ಕ ಬರೆಯುವವರಿಗೆ ಇನ್ನೊಂದು ತುಣುಕು ಬಹಳ ಉಪಯುಕ್ತ. ಯೂನಿಕೋಡಿನಲ್ಲಿ ಕನ್ನಡದ ಸೊನ್ನೆಯ ಸಂಖ್ಯೆ 3302, ಒಂಬತ್ತರದು 3311. ಯಾವುದೇ ಕನ್ನಡ ಅಂಕಿಯ ಸಂಖ್ಯೆಯಿಂದ 3302ನ್ನು ಕಳೆದರೆ ಅದರ ಬೆಲೆ ದೊರೆಯುತ್ತದೆ. ಆದರೆ ಸೊನ್ನೆಯಂತೆಯೇ ಕಾಣುವ ಅನುಸ್ವಾರದ ಸಂಖ್ಯೆ 3202. ಅವಸರದಲ್ಲಿ ಸೊನ್ನೆಯ ಬದಲು ಅನುಸ್ವಾರವನ್ನು ಒತ್ತಿದರೆ ನಮ್ಮ ಕಣ್ಣಿಗೆ ಕಾಣುವ ನೂರು ಯಂತ್ರಕ್ಕೆ ನೂರಲ್ಲ. ಒಳ್ಳೆಯ ತುಣುಕು ಅಲ್ಲಿ ತಾನೇ ಊಹಿಸಿ ಮುಂದುವರಿಯದೆ, ನಿಂತು ನಮ್ಮನ್ನು ಕೇಳಬೇಕು. ಪರರ ಹಣದ ಲೆಕ್ಕದಲ್ಲಿ ಊಹೆಗೆ ಎಡೆಯಿಲ್ಲ.

ಬೇರೆಯವರ ತುಣುಕನ್ನು ಪರೀಕ್ಷಿಸದೆ ಬಳಸಬಾರದು. ಪರೀಕ್ಷೆಗೆ ನಮ್ಮ ಊರುಗಳ ಹೆಸರುಗಳೇ ಸಾಕು. ಗದಗ, ಶಿರಹಟ್ಟಿ, ಮುಂಡರಗಿ ಎಂಬ ಮೂರರಿಂದ ಮಾತ್ರ ಪರೀಕ್ಷಿಸಿದ್ದರೆ ಮೇಲೆ ಹೇಳಿದ ದೋಷವು ಸಿಕ್ಕುತ್ತಲೇ ಇರಲಿಲ್ಲ. ಆ ಹೆಸರುಗಳಲ್ಲಿ ದೀರ್ಘವೇ ಇಲ್ಲ! ಬೆಟಗೇರಿಯ 'ಗೇ' ಮತ್ತು ಲಕ್ಷ್ಮೇಶ್ವರದ 'ಕ್ಷ್ಮೇ' ಅದನ್ನು ಹಿಡಿದುಕೊಡುತ್ತವೆ. ಸುಲಭದ ಹೆಸರಿನೊಡನೆ ತೊಡಕಿನ ಹೆಸರನ್ನೂ ಇಟ್ಟು ನೋಡಬೇಕೆಂಬುದು ಇದರ ಪಾಠ.

ಇದು ಆಮಂತ್ರಣಕ್ಕಷ್ಟೇ ಸೀಮಿತವಲ್ಲ. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಹೊರಬಂದಿದೆ. ಇಂದು 'ವಚನ ಸಂಚಯ'ದಂತಹ ಜಾಲತಾಣಗಳಲ್ಲಿ ಪದ ಹಿಡಿದು ವಚನಗಳನ್ನು ಹುಡುಕಬಹುದಾಗಿದೆ. ಒಂದೇ ಪದವು ಎರಡು ರೂಪಗಳಲ್ಲಿ ಉಳಿದರೆ ವಚನವು ಇದ್ದೂ ಇಲ್ಲದಂತಾಗುವುದು. ಮನೆ ಮನೆಯಲ್ಲಿ ಹಳೆಯ ಫಾಂಟಿನ ವಚನ ಬರಹಗಳನ್ನು ಉಳಿಸಿಕೊಂಡವರು ಇದನ್ನು ನೆನಪಿಡಬೇಕು.

ಗಣಕಯಂತ್ರ ಕಲಿತ ನಮ್ಮ ಮಕ್ಕಳಲ್ಲಿ ಒಂದು ವಿನಂತಿ. ನೀವು ಬರೆದ ತುಣುಕಿನ ಮೇಲೆ, ಅದು ಏನು ಮಾಡುತ್ತದೆ, ಎಲ್ಲಿ ತಪ್ಪಬಹುದು ಎಂಬುದನ್ನು ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಬೇರೆಯವರಿಂದ ಪಡೆದಿದ್ದರೆ ಅವರ ಹೆಸರನ್ನು ಸ್ಮರಿಸಿರಿ. ಒಂದೆಡೆ ಜೋಪಾನವಾಗಿಡಿರಿ, ಕೇಳಿದವರಿಗೆ ಕೊಡಿರಿ. ಅನ್ನದಂತೆ ವಿದ್ಯೆಯೂ ಹಂಚಿದಾಗಲೇ ದಾಸೋಹವಾಗುತ್ತದೆ.

ಆ ಹಿರಿಯರ ಮನೆಗೆ ನಾವೇ ಹೋಗಿ ಕ್ಷಮೆ ಕೇಳಿ ಬಂದೆವು. ಈ ವರ್ಷದ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಿದೆವು. ಸಿಕ್ಕಿತು.